ಬೆಟ್ಟದ ದಾರಿಗೆ ಒಂದು ಹಲ್ಲು ಕಡಿಮೆ

ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸರಾಗವಾಗಿ ಓಡುವ ಡ್ಯುಯಲ್ ಸ್ಪೋರ್ಟ್ ಬೈಕು (ಡಾಂಬರಿಗೂ ಕಚ್ಚಾ ದಾರಿಗೂ ಕಟ್ಟಿದ ಬೈಕು), ಗುಡಿಬಂಡೆ ಕಡೆ ತಿರುಗಿ ಬಂಡೆಗಳ ನಡುವಿನ ಗಾಡಿ ಜಾಡಿಗೆ ಇಳಿದ ಕೂಡಲೇ ತಡವರಿಸುತ್ತದೆ. ಮೊದಲ ಗೇರಿನಲ್ಲೂ ಸ್ವಲ್ಪ ನಿಧಾನಿಸಿದರೆ ಎಂಜಿನ್ ಕಟಕಟ ಬಡಿಯುತ್ತದೆ. ಆಫ್ ಆಗಬಾರದೆಂದು ಎಡಗೈ ಕ್ಲಚ್ಚನ್ನು ಅರ್ಧ ಹಿಡಿದೇ ಇರುತ್ತದೆ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಎಂಜಿನ್ನಿಗೆ ತಾಕತ್ತು ಸಾಲದು ಎಂದು ಹಲವರು ಅಂದುಕೊಳ್ಳುತ್ತಾರೆ. ತಾಕತ್ತು ಇದೆ, ಆದರೆ ಅದು ಚಕ್ರಕ್ಕೆ ತಲುಪುವ ಗೇರಿನ ಲೆಕ್ಕವನ್ನು ಹೆದ್ದಾರಿಗೂ ಹೊಂದುವಂತೆ ಕಟ್ಟಿರುತ್ತಾರೆ. ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಬದಲಿಸಿ ಆ ಲೆಕ್ಕವನ್ನು ಬೆಟ್ಟದ ಕಡೆಗೆ ವಾಲಿಸಬಹುದು.

ಹಲ್ಲಿನ ಲೆಕ್ಕ

ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳನ್ನು ಮುಂದಿನದರ ಹಲ್ಲುಗಳಿಂದ ಭಾಗಿಸಿ. ಮುಂದೆ 15, ಹಿಂದೆ 38 ಇದ್ದರೆ ಅನುಪಾತ 2.53. ಮುಂದೆ 14 ಹಾಕಿದರೆ 2.71, ಅಂದರೆ ಚಕ್ರದ ಎಳೆತ ಶೇ 7ರಷ್ಟು ಹೆಚ್ಚು. ಮುಂದಿನದನ್ನು ಮುಟ್ಟದೆ ಹಿಂದೆ 41 ಹಾಕಿದರೆ 2.73. ಮುಂದೆ ಒಂದು ಹಲ್ಲು ಇಳಿಸಿದರೂ ಹಿಂದೆ ಮೂರು ಏರಿಸಿದರೂ ಹೆಚ್ಚುಕಡಿಮೆ ಒಂದೇ.

ಎಳೆತ ಪುಕ್ಕಟೆ ಸಿಗುವುದಿಲ್ಲ. ಮೊದಲು ಟಾಪ್ ಗೇರಿನಲ್ಲಿ 80 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದ್ದರೆ, ಈಗ ಅದೇ ವೇಗಕ್ಕೆ ಸುಮಾರು 5,360 ಸುತ್ತು ಬೇಕು. ಹೆದ್ದಾರಿಯಲ್ಲಿ ಹ್ಯಾಂಡಲ್ ನಡುಗುವುದು, ಪೆಟ್ರೋಲ್ ಖರ್ಚು ಎರಡೂ ಸ್ವಲ್ಪ ಏರುತ್ತವೆ. ದಿನಾ ಬೆಂಗಳೂರಿಗೆ ಓಡಾಡುವವರು, ವಾರಕ್ಕೊಮ್ಮೆಯ ಬೆಟ್ಟಕ್ಕಾಗಿ ಈ ಕೆಲಸಕ್ಕೆ ಕೈ ಹಾಕದಿರುವುದೇ ವಾಸಿ.

ಮೊದಲ ಸಲ ಮುಂದಿನದನ್ನಷ್ಟೇ ಒಂದು ಹಲ್ಲು ಇಳಿಸಿ ನೋಡಿ. ಕೆಲವು ನೂರು ರೂಪಾಯಿಯ ಬಿಡಿಭಾಗ, ಇಷ್ಟವಾಗದಿದ್ದರೆ ಅರ್ಧ ದಿನದಲ್ಲಿ ಹಳೆಯದನ್ನೇ ಕೂರಿಸಬಹುದು. ಒಂದಕ್ಕಿಂತ ಹೆಚ್ಚು ಇಳಿಸಬೇಡಿ. ಸ್ಪ್ರಾಕೆಟ್ ಚಿಕ್ಕದಾದಷ್ಟೂ ಚೈನಿನ ಪ್ರತಿ ಕೊಂಡಿ ಹೆಚ್ಚು ಬಾಗಬೇಕು, ಜೊತೆಗೆ ಚೈನ್, ಹಿಂದಿನ ಚಕ್ರವನ್ನು ಹಿಡಿದ ಸ್ವಿಂಗ್ ಆರ್ಮಿನ ಮೇಲಿನ ರಬ್ಬರ್ ಸ್ಲೈಡರಿಗೆ ಹತ್ತಿರವಾಗಿ ಅದನ್ನು ತಿನ್ನುತ್ತದೆ. ಸ್ಲೈಡರ್ ತೂತಾದರೆ ಮುಂದಿನ ಸರದಿ ಸ್ವಿಂಗ್ ಆರ್ಮಿನದು. ಇದೇ ಲೆಕ್ಕ ಕಾಯಂ ಎಂದು ನಿರ್ಧರಿಸಿದ ಮೇಲೆ ಮುಂದಿನದನ್ನು ಕಂಪನಿ ಅಳತೆಗೆ ತಂದು ಹಿಂದಿನದನ್ನು ದೊಡ್ಡದು ಮಾಡುವುದು ಚೈನಿಗೆ ಒಳ್ಳೆಯದು.

ಕೊಳ್ಳುವ ಮೊದಲು

ಚೈನಿನ ನಂಬರ್ ನೋಡಿ. 428 ಚೈನಿನ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ) 12.7 ಮಿ.ಮೀ., 520ರದು 15.875 ಮಿ.ಮೀ. ಒಂದರ ಸ್ಪ್ರಾಕೆಟ್ ಇನ್ನೊಂದಕ್ಕೆ ಕೂರುವುದಿಲ್ಲ. ಅಂಗಡಿಗೆ ಹೋಗುವಾಗ ಬೈಕಿನ ಮಾಡೆಲ್, ತಯಾರಾದ ವರ್ಷ ಎರಡನ್ನೂ ಬರೆದುಕೊಂಡು ಹೋಗಿ. ಮುಂದಿನ ಸ್ಪ್ರಾಕೆಟ್ ಕೂರುವ ಶಾಫ್ಟಿನ ಸ್ಪ್ಲೈನ್ (ಉದ್ದುದ್ದ ಗೀರು) ಬೇರೆಯಾದರೆ ಹಲ್ಲಿನ ಲೆಕ್ಕ ಸರಿಯಿದ್ದೂ ಪ್ರಯೋಜನವಿಲ್ಲ.

ಹಳೆಯ ಚೈನ್ ಉಳಿಸಿಕೊಳ್ಳಬಹುದೇ ಎಂದು ಅಳೆದೇ ತಿಳಿಯಬೇಕು. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ಮಧ್ಯದಿಂದ ಇಪ್ಪತ್ತನೇ ಕೊಂಡಿ ದಾಟಿದ ಪಿನ್ನಿನ ಮಧ್ಯದವರೆಗೆ ಟೇಪ್ ಇಡಿ. ಹೊಸ 520 ಚೈನಿನಲ್ಲಿ ಅದು 317.5 ಮಿ.ಮೀ. ಬರುತ್ತದೆ. 324 ಮುಟ್ಟಿದ್ದರೆ ಶೇ 2ರಷ್ಟು ಎಳೆದುಕೊಂಡಿದೆ, ಹೊಸ ಚೈನ್ ಸೆಟ್ಟೇ ತನ್ನಿ. ಎಳೆದ ಚೈನಿನ ಪಿಚ್ ಹೊಸ ಹಲ್ಲಿನ ಅಂತರಕ್ಕೆ ಹೊಂದುವುದಿಲ್ಲ. ಎಲ್ಲ ಹಲ್ಲುಗಳೂ ಹೊರಬೇಕಾದ ಭಾರ ಒಂದೆರಡರ ಮೇಲೆ ಬಿದ್ದು, ಹೊಸ ಸ್ಪ್ರಾಕೆಟ್ ಬೇಗನೆ ಕೊಕ್ಕೆಯಂತೆ ಬಾಗುತ್ತದೆ.

ಬಿಚ್ಚುವ ಕ್ರಮ

ಕೀ ತೆಗೆದು ಜೇಬಿಗೆ ಹಾಕಿಕೊಂಡು ಕೆಲಸ ಶುರು ಮಾಡಿ. ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಬಟ್ಟೆ ಹಿಡಿದವರ ಬೆರಳು ಹೋಗಿವೆ. ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಎಡಬದಿಯ ಸ್ಪ್ರಾಕೆಟ್ ಕವರ್ ತೆಗೆದರೆ ಒಳಗೆ ಕೆಂಪು ದೂಳು, ಕ್ವಾರಿ ಪುಡಿ, ಚೈನ್ ಲೂಬ್ ಕಲಸಿ ಕಪ್ಪು ಹಿಟ್ಟಾಗಿ ಮೆತ್ತಿಕೊಂಡಿರುತ್ತದೆ. ಸ್ಕ್ರೂಡ್ರೈವರಿನಲ್ಲಿ ಕೆರೆದು, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಶಾಫ್ಟಿನ ಸುತ್ತಲಿನ ಆಯಿಲ್ ಸೀಲ್ ನೋಡಿ. ಒರೆಸಿದ ಮೇಲೂ ಎಂಜಿನ್ ಆಯಿಲ್ ಜಿನುಗುತ್ತಿದ್ದರೆ ಸೀಲ್ ಬದಲಿಸಲು ಇದೇ ಸಮಯ.

ಮುಂದಿನ ಸ್ಪ್ರಾಕೆಟ್ಟಿನ ನಟ್ ಅಥವಾ ಬೋಲ್ಟ್‌ಗಳನ್ನು ಚೈನ್ ಇರುವಾಗಲೇ ಸಡಿಲಿಸಬೇಕು. ಅನೇಕರು ಎಡವುವುದು ಇಲ್ಲಿ. ಚೈನ್ ತೆಗೆದ ಮೇಲೆ ಶಾಫ್ಟನ್ನು ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಚಕ್ರ ನೆಲದ ಮೇಲಿರಲಿ, ಒಬ್ಬರು ಹಿಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿರಲಿ. ನಟ್‌ಗೆ ಮಡಚಿದ ವಾಷರ್ ಇದ್ದರೆ ಅದನ್ನು ಮೊದಲು ಉಳಿಯಿಂದ ನೇರ ಮಾಡಿ.

ಈಗ ಹಿಂದಿನ ಚಕ್ರವನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಆಕ್ಸಲ್ ನಟ್ ಸಡಿಲಿಸಿ, ಅಡ್ಜಸ್ಟರ್ ಬಿಟ್ಟು ಚಕ್ರವನ್ನು ಮುಂದಕ್ಕೆ ತಳ್ಳಿ. ಚೈನ್ ಸಡಿಲಾದಾಗ ಹಿಂದಿನ ಸ್ಪ್ರಾಕೆಟ್ಟಿನಿಂದ ಇಳಿಸಿ, ಆಮೇಲೆ ಮುಂದಿನದನ್ನು ಹೊರಗೆಳೆಯಿರಿ. ಅದರ ಯಾವ ಮುಖ ಹೊರಗಿತ್ತು ಎಂದು ಫೋಟೊ ತೆಗೆದಿಟ್ಟುಕೊಳ್ಳಿ. ಹಿಂದಿನದನ್ನೂ ಬದಲಿಸುವುದಾದರೆ ಚಕ್ರ ಪೂರ್ತಿ ಹೊರಬರಬೇಕು. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡುಗಳ ನಡುವೆ ರಟ್ಟು ಸಿಕ್ಕಿಸಿ. ಚಕ್ರ ಇಲ್ಲದಾಗ ಪೆಡಲ್ ತುಳಿದರೆ ಪ್ಯಾಡ್ ಮುಚ್ಚಿಕೊಂಡು ಡಿಸ್ಕ್ ಒಳಗೆ ಹೋಗುವುದಿಲ್ಲ.

ಜೋಡಿಸುವಾಗ

ಸ್ಪ್ಲೈನಿಗೆ ತೆಳುವಾಗಿ ಗ್ರೀಸ್ ಸವರಿ ಹೊಸ ಸ್ಪ್ರಾಕೆಟ್ ಕೂರಿಸಿ. ಮುಂದಿನ ಸ್ಪ್ರಾಕೆಟ್ಟನ್ನು ಹಿಡಿದಿಡುವ ಲಾಕ್ ಪ್ಲೇಟ್ ಇದ್ದರೆ ಅದರ 6 ಮಿ.ಮೀ. ಬೋಲ್ಟ್‌ಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಉದ್ದನೆ ಹಿಡಿಯ ಪಾನ ಹಾಕಿ ಒತ್ತಿದರೆ ಥ್ರೆಡ್ ಕಿತ್ತು ಬರುತ್ತದೆ. ಹಿಂದಿನ ಸ್ಪ್ರಾಕೆಟ್ಟಿನ ನಟ್‌ಗಳಿಗೆ ನೀಲಿ ಥ್ರೆಡ್‌ಲಾಕರ್ (ನಟ್ ಸಡಿಲಾಗದಂತೆ ಹಿಡಿಯುವ ಅಂಟು) ಒಂದೊಂದು ಹನಿ ಹಾಕಿ, ಎದುರುಬದುರಿನವನ್ನು ಜೋಡಿಯಾಗಿ ಬಿಗಿಯಿರಿ. ಇವಕ್ಕೂ ಆಕ್ಸಲ್ ನಟ್‌ಗೂ ಟಾರ್ಕ್ ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟೇ ಇರಲಿ.

ಚೈನ್ ಬಿಚ್ಚಿದ್ದರೆ, ಅದರ ಎರಡು ತುದಿ ಸೇರಿಸುವ ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ಮೇಲಿನ ಸಾಲಿನಲ್ಲಿ ನೋಡಿದರೆ ಅದು ಎಂಜಿನ್ ಕಡೆಗೆ ಮುಖ ಮಾಡಿರಬೇಕು. ಉಲ್ಟಾ ಹಾಕಿದ ಕ್ಲಿಪ್ಪಿಗೆ ಕಲ್ಲೊಂದು ತಾಗಿದರೂ ಹಾರಿಹೋಗುತ್ತದೆ.

ಚಕ್ರ ಎಷ್ಟು ಸರಿಯುತ್ತದೆ ಎಂದು ಮೊದಲೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ. 520 ಚೈನಿನಲ್ಲಿ ಒಂದು ಹಲ್ಲಿಗೆ ಆಕ್ಸಲ್ ಸುಮಾರು 4 ಮಿ.ಮೀ. ಸರಿಯುತ್ತದೆ. ಮುಂದೆ ಒಂದು ಕಡಿಮೆ ಮಾಡಿದರೆ 4 ಮಿ.ಮೀ. ಹಿಂದಕ್ಕೆ, ಹಿಂದೆ ಮೂರು ಹೆಚ್ಚಿಸಿದರೆ 12 ಮಿ.ಮೀ. ಮುಂದಕ್ಕೆ. ಮುಂದಕ್ಕೆ ಅಷ್ಟು ಜಾಗ ಅಡ್ಜಸ್ಟರಿನಲ್ಲಿ ಇಲ್ಲದಿದ್ದರೆ ಎರಡು ಕೊಂಡಿ ಹೆಚ್ಚಿರುವ ಚೈನ್ ಬೇಕು. ಚಕ್ರ ನೇರವಾಗಿದೆಯೇ ಎಂಬುದಕ್ಕೆ ಸ್ವಿಂಗ್ ಆರ್ಮಿನ ಗೀಟುಗಳನ್ನಷ್ಟೇ ನಂಬಬೇಡಿ. ಸ್ವಿಂಗ್ ಆರ್ಮಿನ ಪಿವಟ್ ಮಧ್ಯದಿಂದ ಆಕ್ಸಲ್ ಮಧ್ಯಕ್ಕೆ ಎರಡೂ ಬದಿ ಅಳೆಯಿರಿ.

ಇಡೀ ಕೆಲಸದಲ್ಲಿ ಅತಿ ಹೆಚ್ಚು ಕೆಡುವುದು ಚೈನಿನ ಸಡಿಲ. ಈ ಬೈಕುಗಳ ಸಸ್ಪೆನ್ಷನ್ ಉದ್ದ ಇಳಿಯುತ್ತದೆ. ಪಿವಟ್, ಮುಂದಿನ ಸ್ಪ್ರಾಕೆಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ನಿಂತ ಬೈಕಿನಲ್ಲಿ ಸರಿಯಾಗಿ ಕಾಣುವ ಚೈನ್, ಗುಂಡಿಗೆ ಬಿದ್ದಾಗ ತಂತಿಯಂತೆ ಸೆಟೆದು ಗೇರ್‌ಬಾಕ್ಸಿನ ಬೇರಿಂಗನ್ನೂ ಸೀಲನ್ನೂ ಎಳೆಯುತ್ತದೆ. ಚೈನಿನ ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿ, ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ತನ್ನಿ. ಚಕ್ರ ತಿರುಗಿಸುತ್ತಾ ಮೂರು ನಾಲ್ಕು ಕಡೆ ನೋಡಿ, ಅತಿ ಬಿಗಿಯಾದ ಜಾಗದಲ್ಲಿ ಅಳೆಯಬೇಕು. ಆಮೇಲೆ ಆಕ್ಸಲ್ ಬಿಗಿದು ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಚಕ್ರ ಚೂರು ಸರಿಯುವುದುಂಟು.

ಸ್ಪೀಡೋಮೀಟರ್ ಚಕ್ರದಿಂದ ಲೆಕ್ಕ ತೆಗೆದುಕೊಳ್ಳುತ್ತಿದ್ದರೆ ಏನೂ ಬದಲಾಗದು. ಗೇರ್‌ಬಾಕ್ಸಿನಿಂದ ತೆಗೆದುಕೊಳ್ಳುತ್ತಿದ್ದರೆ ಶೇ 7ರಷ್ಟು ಹೆಚ್ಚು ತೋರಿಸುತ್ತದೆ, ಕಿಲೋಮೀಟರೂ ಹಾಗೆಯೇ ಓಡುತ್ತದೆ. ವಾರಂಟಿ ಇರುವ ಬೈಕಾದರೆ ಸರ್ವಿಸ್ ಸೆಂಟರಿನಲ್ಲಿ ಮೊದಲೇ ಕೇಳಿ.

ಓ-ರಿಂಗ್ ಚೈನನ್ನು (ಕೊಂಡಿಗಳ ನಡುವೆ ರಬ್ಬರ್ ರಿಂಗ್ ಇರುವ ಚೈನ್) ಪೆಟ್ರೋಲಿನಲ್ಲಿ ತೊಳೆಯಬೇಡಿ, ತಂತಿ ಬ್ರಷ್ಷನ್ನೂ ತಾಗಿಸಬೇಡಿ, ರಿಂಗ್ ಹಾಳಾಗುತ್ತದೆ. ಸೀಮೆಎಣ್ಣೆ, ಮೆತ್ತನೆ ಬ್ರಷ್ ಸಾಕು. ಮೊದಲ ನೂರು ಕಿ.ಮೀ. ಆದಮೇಲೆ ಕವರ್ ತೆಗೆದು ಲಾಕ್ ಪ್ಲೇಟಿನ ಬೋಲ್ಟ್, ಹಿಂದಿನ ನಟ್‌ಗಳು, ಚೈನಿನ ಸಡಿಲ ಮೂರನ್ನೂ ಮತ್ತೆ ನೋಡಿ. ಸ್ಲೈಡರಿನ ರಬ್ಬರನ್ನು ಪ್ರತಿ ಸಲ ಲೂಬ್ ಹಾಕುವಾಗ ಬೆರಳಿನಿಂದ ಮುಟ್ಟಿ ನೋಡಿ. ಕಣ್ಣಿಗೆ ಕಾಣುವ ಮೊದಲೇ ಚೈನ್ ಕೊರೆದ ಗೀರು ಬೆರಳಿಗೆ ಸಿಗುತ್ತದೆ.