ಸಿಗರೇಟು, ಬೀಡಿ ಬಿಡಿಸುವ ಮೊಬೈಲ್ ಕಾರ್ಯಕ್ರಮ: ಪ್ರಶ್ನೆಯಿಂದ ಸಂದೇಶದವರೆಗೆ ನಾವು ಮಾಡುವ ಕ್ರಮ

ಧೂಮಪಾನ ಬಿಡುವವರಿಗೆ ಮೊಬೈಲಿನಲ್ಲೇ ನೆರವಾಗುವ ಕಾರ್ಯಕ್ರಮವನ್ನು ಕನ್ನಡದಲ್ಲಿ ಕಟ್ಟುವಾಗ ನಮ್ಮ ಹೆಚ್ಚಿನ ಶ್ರಮ ಹೋಗುವುದು ಸೇರುವ ದಿನ ಕೇಳುವ ಪ್ರಶ್ನೆಗಳಿಗೆ. ಸಂದೇಶದ ಮೇಲೆ ಹೆಸರು ಸೇರಿಸಿ, ಒಬ್ಬೊಬ್ಬರಿಗೂ ಹೊಂದಿಸಿದ್ದೇವೆ ಎಂದುಕೊಳ್ಳುವವರು ಬಹಳ. ಆ ವ್ಯಕ್ತಿ ಎಷ್ಟು ಹೊತ್ತಿಗೆ ಸೇದುತ್ತಾರೆ, ಯಾರ ಜೊತೆ, ಏನು ಕುಡಿಯುತ್ತಾ ಎಂಬುದು ಗೊತ್ತಿಲ್ಲದಿದ್ದರೆ ಹೆಸರಿದ್ದರೂ ಅದು ಊರಿಗೆಲ್ಲ ಕಳಿಸಿದ ಸಂದೇಶವೇ.

ಮೊದಲ ಪ್ರಶ್ನೆ: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದನ್ನು ಹಚ್ಚುತ್ತೀರಿ? 5 ನಿಮಿಷದೊಳಗೆ ಎಂದರೆ 3 ಅಂಕ, 6ರಿಂದ 30 ನಿಮಿಷಕ್ಕೆ 2, 31ರಿಂದ 60ಕ್ಕೆ 1, ಅದಕ್ಕಿಂತ ತಡವಾದರೆ ಸೊನ್ನೆ. ಎರಡನೆಯದು: ದಿನಕ್ಕೆ ಎಷ್ಟು? 10ರವರೆಗೆ ಸೊನ್ನೆ, 11–20ಕ್ಕೆ 1, 21–30ಕ್ಕೆ 2, 31 ಅಥವಾ ಹೆಚ್ಚಾದರೆ 3. ಒಟ್ಟು 6ರಲ್ಲಿ 4 ಅಥವಾ ಹೆಚ್ಚು ಬಂದವರನ್ನು ನಾವು ಬರೀ ಸಂದೇಶದ ಭರವಸೆಯಲ್ಲಿ ಬಿಡುವುದಿಲ್ಲ. ವೈದ್ಯರ ಬಳಿ ಕಳಿಸುತ್ತೇವೆ, ಜೊತೆಗೆ ತಂಬಾಕು ಬಿಡಲು ಫೋನಿನಲ್ಲೇ ನೆರವು ಕೊಡುವ ಕ್ವಿಟ್‌ಲೈನ್ ಸಂಖ್ಯೆ 1800-11-2356 ಕೊಡುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಎರಡನೇ ಪ್ರಶ್ನೆಯನ್ನು ‘ಎಷ್ಟು ಪ್ಯಾಕ್?’ ಎಂದು ಕೇಳಿದರೆ ಲೆಕ್ಕ ಕೆಟ್ಟಿತು. ನಮ್ಮಲ್ಲಿ ಬಿಡಿಯಾಗಿ ಕೊಳ್ಳುವವರೇ ಹೆಚ್ಚು, ಒಂದೊಂದಾಗಿ ಕೊಂಡದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ದಿನವನ್ನು ತುಂಡು ಮಾಡಿ ಕೇಳುತ್ತೇವೆ: ತಿಂಡಿಗೆ ಮುಂಚೆ, ಕೆಲಸಕ್ಕೆ ಹೋಗುವ ದಾರಿಯಲ್ಲಿ, ಹನ್ನೊಂದರ ಟೀಗೆ, ಊಟವಾದ ಮೇಲೆ, ಸಂಜೆ, ಮಲಗುವ ಮುನ್ನ. ಹೀಗೆ ಕೂಡಿಸಿದಾಗ ಬರುವ ಸಂಖ್ಯೆ ಅವರು ಮೊದಲು ಅಂದಾಜಿಗೆ ಹೇಳಿದ್ದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಬೀಡಿ ಸೇದುವವರನ್ನು ಕೇಳುವುದು ‘ಒಂದು ಕಟ್ಟು ಎಷ್ಟು ದಿನಕ್ಕೆ ಬರುತ್ತದೆ?’ ಎಂದು.

ಗುಟ್ಕಾ, ಖೈನಿ, ಹೊಗೆಸೊಪ್ಪಿನ ಪ್ರಶ್ನೆ ಬಿಡಲೇಬಾರದು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರು ಶೇ 8.8, ಜಗಿಯುವಂಥ ಹೊಗೆರಹಿತ ತಂಬಾಕು ಬಳಸುವವರು ಶೇ 16.3. ಸಿಗರೇಟು ಬಿಟ್ಟು ಖೈನಿಗೆ ಹೋದವರು ‘ಬಿಟ್ಟೆ’ ಎಂದೇ ಉತ್ತರಿಸುತ್ತಾರೆ, ನಿಕೋಟಿನ್ ಮಾತ್ರ ಹಾಗೇ ಉಳಿದಿರುತ್ತದೆ.

ದಿನವನ್ನು ತುಂಡು ಮಾಡಿ ಕೇಳಿದ್ದರ ನಿಜವಾದ ಉಪಯೋಗ ಸಂದೇಶದ ಹೊತ್ತು ಗೊತ್ತುಮಾಡುವಾಗ. ಸೇದುವ ಹೊತ್ತಿಗೆ ಹತ್ತು ಹದಿನೈದು ನಿಮಿಷ ಮುಂಚೆ ಸಂದೇಶ ಹೋಗಬೇಕು. ಹನ್ನೊಂದಕ್ಕೆ ಸಹೋದ್ಯೋಗಿಗಳ ಜೊತೆ ಟೀ ಅಂಗಡಿಗೆ ಇಳಿಯುವವರಿಗೆ 10:45ಕ್ಕೆ ಹೋಗುವುದು ಇಷ್ಟು: ‘ಇವತ್ತು ಟೀ ಮೇಲಕ್ಕೇ ತರಿಸಿಕೊಳ್ಳಿ. ಕೆಳಗೆ ಇಳಿಯಲೇಬೇಕಾದರೆ ಲೋಟ ಬಲಗೈಯಲ್ಲಿ ಇರಲಿ, ಕುಡಿದ ತಕ್ಷಣ ಹತ್ತಿಬನ್ನಿ.’ ರಾತ್ರಿ ಪಾಳಿಯ ಸೆಕ್ಯೂರಿಟಿಯವರಿಗೆ ಇದೇ ಸಂದೇಶ ಹೋದರೆ ಅವರ ನಿದ್ದೆ ಕೆಡುತ್ತದೆಯೇ ಹೊರತು ಉಪಯೋಗವಿಲ್ಲ. ಅವರಿಗೆ ಬೇಕಾದದ್ದು ನಸುಕಿನ ಎರಡು ಗಂಟೆಯ ತೂಕಡಿಕೆಗೆ ಉಪಾಯ: ಎದ್ದು ಒಂದು ಸುತ್ತು, ಮುಖಕ್ಕೆ ತಣ್ಣೀರು, ಬಾಯಿಗೆ ಲವಂಗ. ಸೇದಬೇಕೆಂಬ ತುಡಿತದ ಒಂದೊಂದು ಅಲೆಯೂ ಕೆಲವೇ ನಿಮಿಷದ್ದು, ಅಷ್ಟು ಹೊತ್ತು ತುಂಬಿದರೆ ಸಾಕು. ಇನ್ನು ಯಾರೂ ಸೇದದ ಹೊತ್ತಿನಲ್ಲಿ ‘ಸಿಗರೇಟು ನೆನಪಾಗುತ್ತಿದೆಯೇ?’ ಎಂದು ಕೇಳುವ ಸಂದೇಶವನ್ನು ನಾವು ಇಟ್ಟೇ ಇಲ್ಲ. ಮರೆತಿದ್ದವರಿಗೆ ಅದೇ ನೆನಪಿಸುತ್ತದೆ.

ಬ್ರಿಟನ್ನಿನ ‘ಟೆಕ್ಸ್ಟ್ ಟು ಸ್ಟಾಪ್’ ಪ್ರಯೋಗದಲ್ಲಿ ಮೊದಲ 5 ವಾರ ದಿನಕ್ಕೆ 5 ಸಂದೇಶ, ಮುಂದಿನ 26 ವಾರ ವಾರಕ್ಕೆ 3 ಕಳಿಸಿದ್ದರು. 5,800 ಜನರಿದ್ದ ಆ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು: ಆರು ತಿಂಗಳ ಕೊನೆಗೂ ಬಿಟ್ಟೇ ಇದ್ದವರು ಶೇ 10.7, ಹೋಲಿಕೆಯ ಗುಂಪಿನಲ್ಲಿ ಶೇ 4.9. ಸಂಖ್ಯೆ ಚಿಕ್ಕದೆನಿಸಬಹುದು, ಆದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಎರಡು ಪಟ್ಟು ಜನ ಬಿಡುವುದು ದೊಡ್ಡ ಮಾತು. ನಾವೂ ಹೆಚ್ಚುಕಡಿಮೆ ಇದೇ ಏರಿಳಿತ ಅನುಸರಿಸುತ್ತೇವೆ. ಚಡಪಡಿಕೆ, ಸಿಡುಕು ಮೊದಲ ಎರಡು ಮೂರು ದಿನ ತಾರಕಕ್ಕೇರಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ.

ನಿಕೋಟಿನ್ ಗಮ್ ಬಳಸುವವರಿಗೆ ಬಿಡುವ ದಿನ ಬೆಳಿಗ್ಗೆಯೇ ಜಗಿಯುವ ಕ್ರಮ ಹೇಳಬೇಕು. ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಜಗಿದರೆ ನಿಕೋಟಿನ್ ಎಲ್ಲ ಎಂಜಲಿನ ಜೊತೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ. ‘ಇದು ನನಗೆ ಒಗ್ಗಲ್ಲ’ ಎಂದು ಬಿಸಾಡುವುದು ಆಗಲೇ. ನಿಧಾನವಾಗಿ ಜಗಿಯಬೇಕು, ನಾಲಿಗೆ ಚುರುಚುರು ಎಂದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಬೇಕು, ಚುರುಚುರು ಇಳಿದ ಮೇಲೆ ಮತ್ತೆ ಜಗಿಯಬೇಕು. ಹೀಗೆ ಒಂದಕ್ಕೆ ಅರ್ಧ ಗಂಟೆ. ಹದಿನೈದು ನಿಮಿಷ ಮೊದಲಿನಿಂದ ಕಾಫಿ, ಸೋಡಾ, ನಿಂಬೆ ಪಾನಕ ಬೇಡ, ಬಾಯಿ ಹುಳಿಯಾದರೆ ಹೀರಿಕೆ ಕುಗ್ಗುತ್ತದೆ. ಎದ್ದ 30 ನಿಮಿಷದೊಳಗೆ ಸೇದುವವರಿಗೆ 4 ಮಿಲಿಗ್ರಾಂ, ಉಳಿದವರಿಗೆ 2. ಮೊದಲ ಆರು ವಾರ ಗಂಟೆ ಎರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತಾ ಹನ್ನೆರಡು ವಾರಕ್ಕೆ ಮುಗಿಸುವುದು.

ಕಾಫಿಯ ಪ್ರಶ್ನೆಯನ್ನು ಬಹಳ ಕಾರ್ಯಕ್ರಮಗಳು ಕೇಳುವುದಿಲ್ಲ. ಹೊಗೆಯಲ್ಲಿರುವ ಟಾರಿನ ಅಂಶಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕಾಗಿಟ್ಟು ಕೆಫೀನನ್ನು ಬೇಗ ಕರಗಿಸುತ್ತಿರುತ್ತವೆ. ಸೇದುವುದು ನಿಂತಾಗ ಅದೇ ನಾಲ್ಕು ಲೋಟ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕೈ ನಡುಕ, ನಿದ್ದೆಗೇಡು ಶುರುವಾಗುತ್ತದೆ, ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯಿತು ಎಂದು ಮತ್ತೆ ಹಚ್ಚುತ್ತಾರೆ. ಕಾಫಿ ಹೆಚ್ಚು ಕುಡಿಯುವವರಿಗೆ ‘ಅರ್ಧಕ್ಕೆ ಇಳಿಸಿ’ ಎಂಬ ಸಂದೇಶ ಬಿಡುವ ದಿನದ ಹಿಂದಿನ ದಿನವೇ ಹೋಗುತ್ತದೆ. ಇದೇ ಕಾರಣಕ್ಕೆ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಮಾತ್ರೆ ನುಂಗುವವರು ಬಿಡುವ ದಿನ ಗೊತ್ತುಮಾಡುವ ಮೊದಲು ವೈದ್ಯರಿಗೆ ಹೇಳಲೇಬೇಕು, ಪ್ರಮಾಣ ತಗ್ಗಿಸಬೇಕಾಗಬಹುದು.

ಎಸ್ಸೆಮ್ಮೆಸ್ಸಿನಲ್ಲಿ ಕನ್ನಡಕ್ಕೆ ಒಂದು ಭಾಗಕ್ಕೆ 70 ಸಂಕೇತ ಮಾತ್ರ. ‘ಸ್ನೇಹಿತ’ ಕಣ್ಣಿಗೆ ಮೂರು ಅಕ್ಷರ, ಲೆಕ್ಕಕ್ಕೆ ಏಳು. ಹಾಗಾಗಿ ವಾಟ್ಸ್ಆ್ಯಪ್ ಇಲ್ಲದವರಿಗೆ ಒಂದೇ ಕೆಲಸ ಹೇಳುವ ಒಂದೇ ವಾಕ್ಯ, ಓದಲು ಬಾರದವರಿಗೆ ಧ್ವನಿ ಕರೆ.

ಬಿಟ್ಟ ಮೇಲೆ ಒಂದು ಸೇದಿದವರು ‘ಸೇದಿದೆ’ ಎಂದು ಕಳಿಸಿದರೆ ಒಂದೇ ಪ್ರಶ್ನೆ ಹೋಗುತ್ತದೆ: ಗೆಳೆಯರ ಜೊತೆಯಾ, ಕುಡಿಯುವಾಗಲಾ, ಟೆನ್ಷನ್‌ಗಾ, ಸುಮ್ಮನೆಯಾ? ಕುಡಿಯುವಾಗ ಎಂದವರಿಗೆ ಮುಂದಿನ ಶನಿವಾರ ಸಂಜೆ ಆರಕ್ಕೆ ಮೊದಲೇ ಸಂದೇಶ ಸಿದ್ಧ. ದಿನದ ಲೆಕ್ಕವನ್ನು ಸೊನ್ನೆಗೆ ಇಳಿಸುವುದು ಬೇಡ, ಸೊನ್ನೆ ಕಂಡವರು ಉತ್ತರಿಸುವುದನ್ನೇ ನಿಲ್ಲಿಸುತ್ತಾರೆ. ‘ಸೇದದೆ ಕಳೆದ ಒಟ್ಟು ದಿನ’ ಎಂದು ತೋರಿಸುತ್ತೇವೆ.

ನಿಜಕ್ಕೂ ಬಿಟ್ಟರೇ ಎಂದು ಅಳೆಯಲು ಸಂಶೋಧಕರು ಬಳಸುವ ರಸೆಲ್ ಮಾನದಂಡವೇ ನಮಗೂ: ಆರು ತಿಂಗಳಲ್ಲಿ ಐದಕ್ಕಿಂತ ಹೆಚ್ಚು ಸೇದಿರಬಾರದು, ಕೊನೆಗೆ ಉಸಿರಿನಲ್ಲಿ ಹೊಗೆಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲ 10 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 10 ಭಾಗ) ಕೆಳಗಿರಬೇಕು. ಕರೆಗೆ ಸಿಗದವರೆಲ್ಲ ಸೇದುತ್ತಿದ್ದಾರೆ ಎಂದೇ ಎಣಿಕೆ. ಮತ್ತೆ ಶುರುವಾಗಿದೆ ಎಂದವರಿಗೆ ಅದೇ ಕರೆಯಲ್ಲಿ ಎರಡು ವಾರದೊಳಗಿನ ಹೊಸ ದಿನಾಂಕ ಕೇಳುತ್ತೇವೆ. ಹಳೆಯ ಉತ್ತರಗಳನ್ನು ಓದಿ ಹೇಳಿ, ಬದಲಾದದ್ದನ್ನಷ್ಟೇ ತಿದ್ದಿಕೊಳ್ಳುತ್ತೇವೆ.