ಮಳೆಗಾಲದಲ್ಲೇ ಡೈಪರ್ ಬಿಡಿಸಿದೆ

"ಆರಿದ್ರಾ ಮಳೆ ಹಿಡಿಯೋ ಹೊತ್ತಿಗೆ ಡೈಪರ್ ಬಿಡಿಸ್ತೀಯಾ? ದೀಪಾವಳಿ ಕಳೀಲಿ ಮಾರಾಯ್ತಿ" ಅಂದರು ಅತ್ತೆ. ಬೆಂಗಳೂರಿನ ಅಕ್ಕನೂ ಅದನ್ನೇ ಹೇಳಿದಳು. ಆಗುಂಬೆ ಮಳೆ ಗೊತ್ತಲ್ವಾ, ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ. ನಮ್ಮ ಮನೆ ಅಲ್ಲಿಂದ ಸ್ವಲ್ಪ ಈಚೆ, ತೀರ್ಥಹಳ್ಳಿ ಕಡೆ. ಹರವಿದ ಪಂಚೆ ನಾಲ್ಕು ದಿನವಾದರೂ ಹಸಿಹಸಿ. ಆದರೂ ಅದೇ ಮಳೆಗಾಲದಲ್ಲಿ ಎರಡು ವರ್ಷ ಒಂದು ತಿಂಗಳಿನ ಮಗನಿಗೆ ಹಗಲಿನ ಡೈಪರ್ ಪೂರ್ತಿ ಬಿಡಿಸಿದೆ. ಏಳು ವಾರ ಹಿಡಿಯಿತು.

ದಿನಕ್ಕೆ ಐದಾರು ಡೈಪರ್, ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ. ತಿಂಗಳಿಗೆ ಹತ್ತಿರ ಹತ್ತಿರ 2000. ದುಡ್ಡು ಹೇಗೋ ಆಗುತ್ತಿತ್ತು, ಬಳಸಿದ್ದನ್ನು ಎಸೆಯೋದೆಲ್ಲಿ? ನಮ್ಮ ಮನೆವರೆಗೆ ಕಸದ ಗಾಡಿ ಬರಲ್ಲ. ಮಳೆಯಲ್ಲಿ ಸುಟ್ಟರೆ ಸುಡಲ್ಲ. ಹಲಸಿನ ಮರದ ಬುಡದಲ್ಲಿ ಗುಂಡಿ ತೋಡಿ ಹೂತರೆ ನಾಯಿ ಕೆದರಿ ಅಂಗಳಕ್ಕೆ ತಂದು ಹಾಕುತ್ತಿತ್ತು. ಮೇಲಿಂದ ಮಗುವಿನ ತೊಡೆ ಸಂದಿಯಲ್ಲಿ ಕೆಂಪು ಬೊಕ್ಕೆ. ಅದನ್ನು ನೋಡಿದ ದಿನವೇ ನಿರ್ಧಾರ ಮಾಡಿದೆ.

ಮೊದಲು ಶಿವಮೊಗ್ಗದ ಗಾಂಧಿ ಬಜಾರಿನಿಂದ ಪಾಟಿ ಕುರ್ಚಿ, ಅಂದರೆ ಮಕ್ಕಳು ಕೂತು ಉಚ್ಚೆ-ಕಕ್ಕ ಮಾಡೋ ಕುರ್ಚಿ, ತಂದೆವು, 600 ಚಿಲ್ಲರೆ. ಅವನು ಅದರಲ್ಲಿ ಅಡಿಕೆ ತುಂಬಿ ಆಡಿದ. ಆಮೇಲೆ ಉಚ್ಚೆ ಮಾಡಿದರೆ ಒಂದು ದ್ರಾಕ್ಷಿ ಅಂತ ಆಸೆ ತೋರಿಸಿದೆ. ಹತ್ತು ನಿಮಿಷಕ್ಕೊಮ್ಮೆ ಎರಡು ಹನಿ ಬಿಟ್ಟು ಕೈ ಚಾಚುತ್ತಿದ್ದ! ಮೂರನೇ ದಿನಕ್ಕೆ ದ್ರಾಕ್ಷಿ ನಿಲ್ಲಿಸಿದೆ. ಎರಡು ವಾರ ಹೀಗೇ ಹೋಯಿತು. ಕಾವಿ ನೆಲ ಒರೆಸಿ ಒರೆಸಿ ಸೊಂಟ ಬಿತ್ತು.

ಬಚ್ಚಲಿಗೆ ಕರೆದೊಯ್ದರೆ ನಿಂತೇ ಇರುತ್ತಿದ್ದ, ಒಳಗೆ ಬಂದ ಕೂಡಲೇ ಬಿಡುತ್ತಿದ್ದ. ಹಟ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ನಾನೇ ಬರಿಗಾಲಲ್ಲಿ ಬಚ್ಚಲ ಕಲ್ಲಿನ ಮೇಲೆ ನಿಂತಾಗ ಗೊತ್ತಾಯಿತು. ಮಂಜುಗಡ್ಡೆ ಹಾಗಿತ್ತು. ಪಾಪ, ಅಷ್ಟು ಚಿಕ್ಕ ಕಾಲು! ಅವತ್ತಿನಿಂದ ಹಂಡೆ ಒಲೆಯ ಪಕ್ಕ ನಿಲ್ಲಿಸಿದೆ. ಕಾಲಡಿಗೆ ಒಣ ಗೋಣಿಚೀಲ. ಮೊದಲು ಪಾದಕ್ಕೆ ಒಂದು ಚೊಂಬು ಬಿಸಿನೀರು. ಎರಡನೇ ದಿನಕ್ಕೇ ದಾರಿಗೆ ಬಂದ. ಎದ್ದ ಕೂಡಲೇ, ಹಾಲು ಕುಡಿದ ಹತ್ತು ನಿಮಿಷಕ್ಕೆ, ಆಮೇಲೆ ಒಂದೂವರೆ ಗಂಟೆಗೊಮ್ಮೆ. ಕೇಳುವುದಿಲ್ಲ, "ಬಾ" ಅಂತ ಎತ್ತಿಕೊಂಡು ಹೋಗುವುದು. ಕೇಳಿದರೆ ಯಾವ ಮಗುವೂ "ಬೇಡ" ಅಂತಲೇ ಹೇಳೋದು, ಅಲ್ವಾ?

ಬಟ್ಟೆಯ ಕಥೆ ಬೇರೆ. ನಾಲ್ಕು ಹಳೆ ಪಂಚೆ ಹರಿದು ಮೂವತ್ತು ಲಂಗೋಟಿ ಮಾಡಿದ್ದೆ. ಒಲೆಯ ಮೇಲೆ ಬಿದಿರಿನ ಗಳ ಕಟ್ಟಿ ಒಣಹಾಕಿದೆವು. ಒಲೆಗೆ ಅಡಿಕೆ ಸಿಪ್ಪೆ ಹಾಕಿದರೆ ಹೊಗೆ ವಾಸನೆ ಹಿಡಿಯುತ್ತದೆ. ಒಣ ಸೌದೆಯ ಕೆಂಡವೇ ಸರಿ. ಗಳ ತಗ್ಗಾಗಿ ಕಟ್ಟಿ ಎರಡು ಲಂಗೋಟಿ ಸುಟ್ಟವು, ಆಮೇಲೆ ತಲೆ ಮಟ್ಟಕ್ಕೆ ಏರಿಸಿದೆವು. ಸಂಜೆ ಹಾಕಿದ್ದು ಬೆಳಿಗ್ಗೆ ಗರಿಗರಿ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ರಾತ್ರಿ ಹಾಸಿಗೆ ನೆನೆಯದಿರಲಿ ಅಂತ ಅಡಿಕೆ ಹಾಳೆ ನೆನೆಸಿ, ಚಪ್ಪಟೆ ಮಾಡಿ ಬೆಡ್‌ಶೀಟ್ ಕೆಳಗೆ ಹಾಸಿದೆ. ನೀರು ಇಳಿಯಲಿಲ್ಲ, ನಿಜ. ಆದರೆ ಮಗು ಹೊರಳಿದಾಗೆಲ್ಲ ಕರಕರ ಸದ್ದು, ಯಾರಿಗೂ ನಿದ್ದೆ ಇಲ್ಲ. ವಾರಕ್ಕೆ ಬಿಟ್ಟೆ. ರಾತ್ರಿಗೆ ಈಗಲೂ ಒಂದು ಡೈಪರ್ ಇದೆ, ತಿಂಗಳಿಗೆ 350 ರೂಪಾಯಿ ಸುಮಾರು. ರಾತ್ರಿಯದು ತಡವಾಗಿಯೇ ನಿಲ್ಲುವುದು, ಅವಸರ ಮಾಡಿಲ್ಲ. ಕಕ್ಕ ಬಿಡಿಸಿದ ಉಪಾಯ ನಮ್ಮಜ್ಜಿಯದು. ಅದನ್ನು ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ಹೇಳುತ್ತೇನೆ.

ಮಳೆ ಅಡ್ಡಿ ಅಂದವರಿಗೆ ಒಂದು ಮಾತು. ಜಗಲಿ ಅಂಚಿನಲ್ಲಿ ನಿಲ್ಲಿಸಿದರೆ ಸೂರಿನ ನೀರು ಧಾರೆಯಾಗಿ ಬೀಳೋದನ್ನು ನೋಡುತ್ತಾ ತಾನೂ ಬಿಡುತ್ತಿದ್ದ. ಬಾಯಲ್ಲಿ ಶ್ಶ್ ಅನ್ನುವ ಕೆಲಸವೇ ಇರಲಿಲ್ಲ. ಹಾಗೇ ಅವನ ಭಾಷೆಯಲ್ಲಿ ಉಚ್ಚೆಗೆ "ಮಳೆ" ಅಂತ ಹೆಸರು ಬಿತ್ತು.

ಹೋದ ತಿಂಗಳು ಶಿವಮೊಗ್ಗಕ್ಕೆ ಹೊರಟಿದ್ದೆವು, ಡೈಪರ್ ಇಲ್ಲದೆ ಮೊದಲ ಸಲ. ಮಂಡಗದ್ದೆ ಹತ್ತಿರ ಚೆನ್ನಾಗಿ ಬಿಸಿಲು. ಮಡಿಲಲ್ಲಿದ್ದವನು ನನ್ನ ಗಲ್ಲ ಹಿಡಿದು ತಿರುಗಿಸಿ, "ಅಮ್ಮಾ, ಮಳೆ ಬಂತು" ಅಂದ. ಅತ್ತೆಯೇ ಎದ್ದು ಹೋಗಿ ಕಂಡಕ್ಟರಿಗೆ ಹೇಳಿ ಬಸ್ ನಿಲ್ಲಿಸಿದರು. ಇಳಿದಾಗ ಚಡ್ಡಿ ಮುಟ್ಟಿ ನೋಡಿದೆ, ಒಣಗೇ ಇತ್ತು.