ನೌಕರಿಯಲ್ಲಿದ್ದುಕೊಂಡೇ ಆನ್‌ಲೈನ್‌ನಲ್ಲಿ ಎಂ.ಡೆಸ್. (ಮಾಸ್ಟರ್ ಆಫ್ ಡಿಸೈನ್) ಮಾಡುವುದು ಹೇಗೆ?

ಕೋಲಾರ ಜಿಲ್ಲೆಯ ವೇಮಗಲ್ ಅಥವಾ ನರಸಾಪುರದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಪಡೆಯಬಯಸುವವರು ಶುಲ್ಕಕ್ಕಿಂತ ಮೊದಲು ವಿಚಾರಿಸಬೇಕಾದ ಸಂಗತಿಯೆಂದರೆ, ವಿದ್ಯಾರ್ಥಿಯ ಕೆಲಸವನ್ನು ಯಾರು, ಎಷ್ಟು ಸಲ, ಯಾವ ಹೊತ್ತಿನಲ್ಲಿ ವಿಮರ್ಶಿಸುತ್ತಾರೆ ಎಂಬುದು. ಉಪನ್ಯಾಸದ ವಿಡಿಯೊವನ್ನು ರಾತ್ರಿ ಪಾಳಿ ಮುಗಿಸಿ ಬಂದ ಮೇಲೂ ನೋಡಬಹುದು. ನಾವು ಬರೆದ ಸ್ಕೆಚ್ಚನ್ನು ಅಧ್ಯಾಪಕರೂ ಸಹಪಾಠಿಗಳೂ ಒರೆಗೆ ಹಚ್ಚುವ ಸ್ಟುಡಿಯೊ ಅವಧಿಗೆ ಮಾತ್ರ ನಿಗದಿತ ವೇಳೆಗೆ ಹಾಜರಿರಲೇಬೇಕು. ಅಮೆರಿಕದ ಪೂರ್ವ ಕರಾವಳಿಯ ವಿಶ್ವವಿದ್ಯಾಲಯದಲ್ಲಿ ಸಂಜೆ 6ಕ್ಕಿರುವ ತರಗತಿ ನಮ್ಮಲ್ಲಿ ಬೇಸಿಗೆಯಲ್ಲಿ ನಸುಕಿನ 3.30ಕ್ಕೆ, ಚಳಿಗಾಲದಲ್ಲಿ 4.30ಕ್ಕೆ ಶುರುವಾಗುತ್ತದೆ. ಬೆಳಗಿನ ಪಾಳಿಯವರು ಇದನ್ನು ಎರಡು ವರ್ಷ ನಿಭಾಯಿಸುವುದು ಕಷ್ಟ.

ಭಾರತದ ಸಂಸ್ಥೆಯಾದರೆ, ಯುಜಿಸಿಯ 2020ರ ನಿಯಮಾವಳಿಯಡಿ ಆ ವಿಶ್ವವಿದ್ಯಾಲಯಕ್ಕಷ್ಟೇ ಅಲ್ಲದೆ, ನಿರ್ದಿಷ್ಟವಾಗಿ ಆ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸಲೂ ಅನುಮತಿ ಇದೆಯೇ ಎಂಬುದನ್ನು ಯುಜಿಸಿಯ ದೂರಶಿಕ್ಷಣ ಬ್ಯೂರೊ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ. ಪ್ರವೇಶಕ್ಕೆ ಈ ಬ್ಯೂರೊದ ಗುರುತಿನ ಸಂಖ್ಯೆ (ಡಿಇಬಿ ಐಡಿ) ಬೇಕು. ಅದಕ್ಕೂ ಮುನ್ನ ಡಿಜಿಲಾಕರ್ ಮೂಲಕ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ ಮಾಡಿಸಿಕೊಳ್ಳಿ. ಸರ್ಟಿಫಿಕೇಟ್ ಕೋರ್ಸುಗಳನ್ನು ಪದವಿಯೆಂಬಂತೆ ತೋರಿಸುವ ಜಾಹೀರಾತುಗಳಿಗೇನೂ ಬರವಿಲ್ಲ.

ಆಯ್ಕೆಯಲ್ಲಿ ಪೋರ್ಟ್‌ಫೋಲಿಯೊದ, ಅಂದರೆ ನೀವು ಮಾಡಿದ ವಿನ್ಯಾಸ ಕೆಲಸಗಳ ಸಂಗ್ರಹದ, ತೂಕ ದೊಡ್ಡದು, ಅದಕ್ಕೆ ಬೇಕಾದ ಸರಕು ಕೋಲಾರದಲ್ಲೇ ಇದೆ. ಎಪಿಎಂಸಿಯ ಟೊಮೆಟೊ ಹರಾಜಿಗೆ ಒಂದು ರಜೆಯ ದಿನ ಹೋಗಿ, 15 ಕೆ.ಜಿ. ಬಾಕ್ಸನ್ನು ಹಮಾಲಿಗಳು ಹೇಗೆ ಹಿಡಿದೆತ್ತುತ್ತಾರೆ, ಒಂದರ ಮೇಲೊಂದು ಪೇರಿಸಿದಾಗ ಯಾವ ಹಣ್ಣು ಜಜ್ಜಿಹೋಗುತ್ತದೆ, ಕೂಗಿದ ದರ ರೈತನ ಚೀಟಿಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟುತ್ತದೆ ಎಂಬುದನ್ನು ಅವರ ಒಪ್ಪಿಗೆ ಪಡೆದು ಗಮನಿಸಿ, ಬರೆದಿಟ್ಟುಕೊಳ್ಳಿ. ಬಾಕ್ಸಿನ ಹಿಡಿಕೆಯೊಂದನ್ನೇ ರಟ್ಟಿನಲ್ಲಿ ನಾಲ್ಕಾರು ಬಗೆಯಾಗಿ ಮಾಡಿ, ಹಮಾಲಿಗಳ ಕೈಗೇ ಕೊಟ್ಟು, ಅವರು ಬೇಡವೆಂದ ಮಾದರಿಗಳನ್ನೂ ಕಾರಣಸಮೇತ ಪೋರ್ಟ್‌ಫೋಲಿಯೊಗೆ ಸೇರಿಸಿ. ಹೊಳೆಯುವ ಮೊಬೈಲ್ ಆ್ಯಪ್‌ನ ಹತ್ತು ಪರದೆಗಳಿಗಿಂತ ಇಂತಹ ಒಂದು ಕೆಲಸ ಹೆಚ್ಚು ಮಾತಾಡುತ್ತದೆಂಬುದು ನನ್ನ ಅಭಿಪ್ರಾಯ.

ಆರಂಭದಲ್ಲಿ ದುಬಾರಿ ತಂತ್ರಾಂಶ ಬೇಡ. ಚಿತ್ರ ಬಿಡಿಸಲು ಇಂಕ್‌ಸ್ಕೇಪ್, 3ಡಿ ಮಾದರಿ ರಚಿಸಲು ಬ್ಲೆಂಡರ್ ಉಚಿತವಾಗಿಯೇ ಸಿಗುತ್ತವೆ. ಶುಲ್ಕ ಕಟ್ಟುವ ಮೊದಲು ಐಐಟಿ ಬಾಂಬೆಯ ಡಿ'ಸೋರ್ಸ್ ತಾಣದ ಉಚಿತ ಪಾಠಗಳನ್ನು ಕೆಲವು ವಾರ ಅಭ್ಯಾಸ ಮಾಡಿದರೆ, ಈ ವಿಷಯ ನಿಮಗೆ ಹಿಡಿಸುತ್ತದೆಯೇ ಎಂಬುದು ತಿಳಿಯುತ್ತದೆ. ಸ್ಟುಡಿಯೊ ಅವಧಿಯ ವೇಳಾಪಟ್ಟಿ ಕೈಸೇರಿದೊಡನೆ ಪಾಳಿ ಬದಲಾವಣೆಗೆ ಮೇಲಧಿಕಾರಿಗೆ ಲಿಖಿತ ಮನವಿ ಕೊಡಿ. ಕಾರ್ಖಾನೆಯ ನಕ್ಷೆ, ಬಿಡಿಭಾಗ ಅಥವಾ ಯಂತ್ರದ ಚಿತ್ರವನ್ನು ಪ್ರಾಜೆಕ್ಟಿನಲ್ಲಿ ಬಳಸುವುದಿದ್ದರೆ ಅದಕ್ಕೂ ಬರಹದಲ್ಲೇ ಅನುಮತಿ ಪಡೆಯಿರಿ.